ಶಾಲೆಯ ಬಾಗಿಲಲ್ಲಿ ಪೇಟ, ಕಡಾ, ಕೃಪಾಣ

ಸಿಖ್ ಮಗು ಶಾಲೆಗೆ ಸೇರುವಾಗ ಅದರ ಧರ್ಮ ಮೈಮೇಲೆಯೇ ಇರುತ್ತದೆ. ಕತ್ತರಿಸದ ಕೂದಲು, ಅದನ್ನು ಮುಚ್ಚುವ ಪಟ್ಕಾ ಅಥವಾ ಪೇಟ, ಮಣಿಕಟ್ಟಿನಲ್ಲಿ ಕಡಾ, ದೀಕ್ಷೆ ಪಡೆದವರಾದರೆ ಸೊಂಟದ ಬಳಿ ಪುಟ್ಟ ಕೃಪಾಣ. ಪೂಜೆಯ ಹೊತ್ತಿಗೆ ತೊಟ್ಟು ಆಮೇಲೆ ಪೆಟ್ಟಿಗೆಯಲ್ಲಿಡುವ ವಸ್ತುಗಳಲ್ಲ ಇವು. ಇತ್ತ ಶಾಲೆಗೂ ತನ್ನ ಕಟ್ಟುಪಾಡುಗಳಿವೆ: ತಲೆಗೆ ಏನನ್ನೂ ಧರಿಸಬಾರದು, ಆಭರಣ ಹಾಕಿಕೊಳ್ಳಬಾರದು, ಆಯುಧ ತರಬಾರದು. ಈ ಎರಡು ಶಿಸ್ತುಗಳು ಎದುರುಬದುರಾದ ಸಂದರ್ಭಗಳು ಕಳೆದ ಐದು ದಶಕಗಳಲ್ಲಿ ಬ್ರಿಟನ್, ಅಮೆರಿಕ, ಕೆನಡಾ, ಫ್ರಾನ್ಸ್, ಆಸ್ಟ್ರೇಲಿಯಾಗಳಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿವೆ. ಭಾರತದಲ್ಲೂ ಚರ್ಚೆಗೆ ಬಂದಿವೆ. ನೋಡುವುದಕ್ಕೆ ಇದು ಉಡುಪಿನ ಜಗಳ. ಆಳದಲ್ಲಿರುವ ಪ್ರಶ್ನೆ ಬೇರೆ: ಎಲ್ಲರಿಗೂ ಒಂದೇ ನಿಯಮ ಹೇರಿದರೆ ಎಲ್ಲರಿಗೂ ಒಂದೇ ನ್ಯಾಯ ಸಿಕ್ಕಂತಾಗುತ್ತದೆಯೇ? ಒಬ್ಬರ ಧರ್ಮಕ್ಕೆ ಯಾವುದು ಅಗತ್ಯ ಎಂದು ತೀರ್ಮಾನಿಸುವ ಅಧಿಕಾರ ಯಾರದು?

ಐದು ಕಕಾರಗಳು

ಸಿಖ್ಖರ ಹತ್ತನೆಯ ಗುರು ಗೋಬಿಂದ್ ಸಿಂಗ್ 1699ರ ಬೈಸಾಖಿ ಹಬ್ಬದಂದು ಆನಂದಪುರ ಸಾಹಿಬ್‌ನಲ್ಲಿ ಖಾಲ್ಸಾ ಪಂಥವನ್ನು ಕಟ್ಟಿದರು. ತಲೆ ಕೊಡಲು ಯಾರು ಸಿದ್ಧರಿದ್ದೀರಿ ಎಂದು ಗುರು ಕೇಳಿದಾಗ ಒಬ್ಬರ ನಂತರ ಒಬ್ಬರಂತೆ ಐವರು ಎದ್ದು ನಿಂತರೆಂದು ಸಂಪ್ರದಾಯ ಹೇಳುತ್ತದೆ. ಇವರೇ 'ಪಂಜ್ ಪ್ಯಾರೆ', ಗುರುವಿನ ಐವರು ಪ್ರೀತಿಪಾತ್ರರು. ಒಬ್ಬರು ಲಾಹೋರಿನವರು, ಒಬ್ಬರು ಹಸ್ತಿನಾಪುರದವರು, ಇನ್ನೊಬ್ಬರು ಪುರಿಯವರು, ಮತ್ತೊಬ್ಬರು ದ್ವಾರಕೆಯವರು. ಐದನೆಯವರು ನಮ್ಮ ಬೀದರಿನ ಸಾಹಿಬ್ ಚಂದ್, ಕ್ಷೌರಿಕ ವೃತ್ತಿಯ ಮನೆತನದವರು. ದೀಕ್ಷೆಯ ಅಮೃತ ಸ್ವೀಕರಿಸಿದ ಮೇಲೆ ಅವರು ಭಾಯಿ ಸಾಹಿಬ್ ಸಿಂಗ್ ಆದರು. ಬೇರೆ ಬೇರೆ ಜಾತಿ, ಬೇರೆ ಬೇರೆ ಸೀಮೆಯ ಐವರು ಒಂದೇ ಬಟ್ಟಲಿನಿಂದ ಅಮೃತ ಕುಡಿದರು, 'ಸಿಂಗ್' ಎಂಬ ಒಂದೇ ಹೆಸರು ಪಡೆದರು, ಒಂದೇ ಬಗೆಯ ವೇಷ ತೊಟ್ಟರು. ಹುಟ್ಟಿನ ಮೇಲುಕೀಳನ್ನು ಕಾಣದಂತೆ ಮಾಡುವುದು ಆ ವೇಷದ ಉದ್ದೇಶಗಳಲ್ಲಿ ಒಂದು. ಬಡವ ಬಲ್ಲಿದರ ಮಕ್ಕಳಿಗೆ ಶಾಲೆ ಒಂದೇ ಬಣ್ಣದ ಬಟ್ಟೆ ಹಾಕಿಸುವುದರ ಹಿಂದೆಯೂ ಇದೇ ಆಶಯವಿದೆ. ಹಾಗಾಗಿ ಶಾಲೆಯ ಸಮವಸ್ತ್ರಕ್ಕೂ ಖಾಲ್ಸಾ ವೇಷಕ್ಕೂ ಹುಟ್ಟುವೈರವೇನೂ ಇಲ್ಲ.

ಖಾಲ್ಸಾಕ್ಕೆ ಸೇರಿದವರು ಧರಿಸಬೇಕಾದ ಐದು ವಸ್ತುಗಳ ಹೆಸರೂ 'ಕ'ಕಾರದಿಂದ ಶುರುವಾಗುವುದರಿಂದ ಅವನ್ನು ಕಕಾರಗಳು ಎನ್ನುತ್ತಾರೆ. ಕೇಶ ಎಂದರೆ ಕತ್ತರಿಸದ ಕೂದಲು. ದೇವರು ಕೊಟ್ಟ ದೇಹವನ್ನು ಇದ್ದಂತೆಯೇ ಒಪ್ಪಿಕೊಳ್ಳುವ ಬಗೆ ಅದು. ಕಂಘಾ ಎಂದರೆ ಜುಟ್ಟಿನಲ್ಲಿ ಸಿಕ್ಕಿಸಿಕೊಳ್ಳುವ ಮರದ ಬಾಚಣಿಗೆ. ಜಡೆಗಟ್ಟಿದ ಕೂದಲು ಸಂಸಾರ ಬಿಟ್ಟವರ ಗುರುತು. ದಿನವೂ ಬಾಚಿ ಒಪ್ಪ ಮಾಡಿದ ಕೂದಲು ಸಂಸಾರದಲ್ಲಿದ್ದುಕೊಂಡೇ ಧರ್ಮ ನಡೆಸುವವರದು. ಕಡಾ ಎಂಬುದು ಬಲಗೈಗೆ ತೊಡುವ ಉಕ್ಕಿನ ಅಥವಾ ಕಬ್ಬಿಣದ ಬಳೆ. ಅದರಲ್ಲಿ ಚಿನ್ನವಿಲ್ಲ, ಹರಳಿಲ್ಲ. ಕೈ ಯಾವ ಕೆಲಸಕ್ಕೆ ಚಾಚಿದರೂ ಗುರುವಿಗೆ ಕೊಟ್ಟ ಮಾತನ್ನು ನೆನಪಿಸುವುದಕ್ಕೆ ಅದು ಇದೆ. ಕಚೇರಾ ಎಂಬುದು ಒಳಚಡ್ಡಿ, ಸಂಯಮದ ಸಂಕೇತ. ಕೃಪಾಣ ಎಂದರೆ ಒರೆಯಲ್ಲಿಟ್ಟ ಕಿರುಗತ್ತಿ. ದುರ್ಬಲರ ರಕ್ಷಣೆಗೆ, ಅನ್ಯಾಯದ ಎದುರು ನಿಲ್ಲುವುದಕ್ಕೆ ಕಟ್ಟಿಕೊಂಡ ದೀಕ್ಷೆ.

ಪೇಟ ಈ ಐದರಲ್ಲಿ ಸೇರಿಲ್ಲ. ಆದರೂ ಕೇಶವನ್ನು ಕಾಯುವ ದಸ್ತಾರ್ ಆಗಿ ಅದು ಸಿಖ್ ಗಂಡಸಿಗೆ ಕಡ್ಡಾಯ, ಹೆಂಗಸಿಗೆ ಐಚ್ಛಿಕ. ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 1945ರಲ್ಲಿ ಅಂಗೀಕರಿಸಿದ 'ಸಿಖ್ ರಹತ್ ಮರ್ಯಾದಾ' ಎಂಬ ಆಚಾರಸಂಹಿತೆಯಲ್ಲಿ ಇವೆಲ್ಲ ಸ್ಪಷ್ಟವಾಗಿವೆ. ದೀಕ್ಷೆ ಪಡೆದವರು ಮಾಡಲೇಬಾರದ ನಾಲ್ಕು ತಪ್ಪುಗಳಲ್ಲಿ ಕೂದಲಿಗೆ ಕತ್ತರಿ ಹಾಕುವುದೂ ಒಂದು.

ಕೂದಲಿಗೆ ಇಷ್ಟೊಂದು ಬೆಲೆ ಯಾಕೆ ಎಂಬುದನ್ನು ಅರಿಯಲು ಚರಿತ್ರೆಯ ಕಡೆ ತಿರುಗಬೇಕು. 1745ರಲ್ಲಿ ಲಾಹೋರಿನಲ್ಲಿ ಸೆರೆಯಾಗಿದ್ದ ಭಾಯಿ ತಾರು ಸಿಂಗ್ ಕೂದಲು ಕೊಡಲು ಒಪ್ಪದೆ ತಲೆಯ ಚರ್ಮವನ್ನೇ ಕೊಟ್ಟರೆಂಬ ಕಥನವನ್ನು ಸಿಖ್ ಮಕ್ಕಳು ಎಳವೆಯಲ್ಲೇ ಕೇಳಿರುತ್ತಾರೆ. ಗುರುದ್ವಾರಗಳಲ್ಲಿ ದಿನನಿತ್ಯದ ಪ್ರಾರ್ಥನೆಯಲ್ಲಿ ಇಂಥ ಹುತಾತ್ಮರ ಸ್ಮರಣೆ ಇರುತ್ತದೆ. 'ಶಾಲೆಗೆ ಸೇರಬೇಕಾದರೆ ಕೂದಲು ಕತ್ತರಿಸಿಕೊಂಡು ಬಾ' ಎಂಬ ಮಾತು ಆ ಮಗುವಿನ ಕಿವಿಗೆ ಈ ಚರಿತ್ರೆಯ ಜೊತೆಗೇ ಬೀಳುತ್ತದೆ.

ಸಿಖ್ಖರೆಲ್ಲರೂ ಐದನ್ನೂ ಪಾಲಿಸುವುದಿಲ್ಲ. ಅಮೃತ ಪಡೆದವರು ಅಮೃತಧಾರಿಗಳು. ದೀಕ್ಷೆಯಿಲ್ಲದೆಯೂ ಕೂದಲು ಉಳಿಸಿಕೊಂಡವರು ಕೇಶಧಾರಿಗಳು. ಕೂದಲು ಕತ್ತರಿಸಿಕೊಂಡು, ಕಡಾ ಒಂದನ್ನೇ ಧರಿಸುವವರೂ ಬಹಳಷ್ಟಿದ್ದಾರೆ. ತೀರಾ ಎಳೆಯ ವಯಸ್ಸಿನವರಿಗೆ ಅಮೃತ ಕೊಡಬಾರದು, ತಿಳಿವಳಿಕೆ ಬಂದಿರಬೇಕು ಎಂದು ಆಚಾರಸಂಹಿತೆಯೇ ಹೇಳುವುದರಿಂದ ಪ್ರಾಥಮಿಕ ಶಾಲೆಯಲ್ಲಿ ಕೃಪಾಣದ ಪ್ರಶ್ನೆ ಏಳುವುದು ಅಪರೂಪ. ಕೇಶದ ಮಾತು ಹಾಗಲ್ಲ. ಅದು ಹುಟ್ಟಿನಿಂದಲೇ ಜೊತೆಗಿರುತ್ತದೆ. ಕೇಶಧಾರಿ ಮನೆಗಳಲ್ಲಿ ಬೆಳಗ್ಗೆ ಶಾಲೆಯ ಬಸ್ಸು ಬರುವ ಮೊದಲು ತಾಯಿಯೋ ತಂದೆಯೋ ಹುಡುಗನನ್ನು ಮುಂದೆ ಕೂರಿಸಿಕೊಂಡು ಉದ್ದ ಕೂದಲಿನ ಸಿಕ್ಕು ಬಿಡಿಸಿ ಬಾಚುತ್ತಾರೆ. ಎಲ್ಲವನ್ನೂ ನೆತ್ತಿಯ ಮೇಲೆ ತಂದು ತಿರುಚಿ 'ಜೂಡಾ' ಕಟ್ಟುತ್ತಾರೆ. ಅದರ ಮೇಲೆ ಚೌಕಾಕಾರದ ಪಟ್ಕಾ ಹೊದಿಸಿ, ಮೂಲೆಗಳಲ್ಲಿರುವ ದಾರಗಳನ್ನು ಎಳೆದು ಬಿಗಿಯುತ್ತಾರೆ. ಹದಿವಯಸ್ಸಿಗೆ ಬಂದ ಮೇಲೆ 'ದಸ್ತಾರ್ ಬಂದಿ' ಎಂಬ ಶಾಸ್ತ್ರ ಮಾಡಿ ಹುಡುಗನಿಗೆ ಮೊದಲ ಪೇಟ ಕಟ್ಟುತ್ತಾರೆ.

ಬ್ರಿಟನ್: ಪೇಟ ಮತ್ತು ಕಡಾ

1978ರಲ್ಲಿ ಬರ್ಮಿಂಗ್‌ಹ್ಯಾಮಿನ ಪಾರ್ಕ್ ಗ್ರೋವ್ ಎಂಬ ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯರು ಸಿಖ್ ಹುಡುಗನೊಬ್ಬನಿಗೆ ಪ್ರವೇಶ ನಿರಾಕರಿಸಿದರು. ಪೇಟ ಬಿಟ್ಟು, ಕೂದಲು ಕತ್ತರಿಸಿಕೊಂಡರೆ ಸೇರಿಸಿಕೊಳ್ಳುವುದಾಗಿ ಹೇಳಿದರು. ಹಲವು ಜನಾಂಗಗಳ ಮಕ್ಕಳು ಓದುವ ಶಾಲೆಯಲ್ಲಿ ಪೇಟ ಧರ್ಮಭೇದವನ್ನು ಎತ್ತಿ ತೋರಿಸುತ್ತದೆ ಎಂಬುದು ಅವರ ವಾದ. ತಂದೆ ನ್ಯಾಯಾಲಯಕ್ಕೆ ಹೋದರು. ಬ್ರಿಟನ್ನಿನ 1976ರ ಜನಾಂಗ ಸಂಬಂಧಗಳ ಕಾಯ್ದೆ ಜನಾಂಗೀಯ ತಾರತಮ್ಯವನ್ನು ನಿಷೇಧಿಸಿತ್ತೇ ಹೊರತು ಧಾರ್ಮಿಕ ತಾರತಮ್ಯವನ್ನಲ್ಲ. ಹಾಗಾಗಿ ಸಿಖ್ಖರನ್ನು ಜನಾಂಗೀಯ ಗುಂಪು ಎನ್ನಬಹುದೇ ಎಂಬುದರ ಮೇಲೆ ಇಡೀ ಪ್ರಕರಣ ನಿಂತಿತು. ಲಾರ್ಡ್ ಡೆನಿಂಗ್ ಅವರಿದ್ದ ಮೇಲ್ಮನವಿ ನ್ಯಾಯಾಲಯ ಆಗದು ಎಂದಿತು. 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನು ತಳ್ಳಿಹಾಕಿತು. ದೀರ್ಘವಾದ ಸಮಾನ ಇತಿಹಾಸ ಮತ್ತು ತನ್ನದೇ ಆದ ಸಾಂಸ್ಕೃತಿಕ ಪರಂಪರೆ ಇರುವ ಸಮುದಾಯವನ್ನು ಜನಾಂಗೀಯ ಗುಂಪೆಂದು ಕಾಣಬೇಕು, ಸಿಖ್ಖರಿಗೆ ಇವೆರಡೂ ಇವೆ ಎಂದು ಲಾರ್ಡ್ ಫ್ರೇಸರ್ ವಿವರಿಸಿದರು. ಇದೇ ಮಂಡ್ಲಾ ಪ್ರಕರಣ.

ಆ ತೀರ್ಪಿನ ಇನ್ನೊಂದು ಅಂಶ ತಾತ್ವಿಕವಾಗಿ ಇನ್ನೂ ದೊಡ್ಡದು. ಪೇಟ ತೆಗೆಯಲು ಹುಡುಗನ ಕೈಗೆ ಸಾಧ್ಯವಿತ್ತು, ಆದ್ದರಿಂದ ಅವನು ನಿಯಮ ಪಾಲಿಸಬಹುದಿತ್ತು ಎಂಬ ವಾದವನ್ನು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ದೈಹಿಕವಾಗಿ ಆಗುತ್ತದೆಯೇ ಎಂದಲ್ಲ, ತನ್ನ ಸಮುದಾಯದ ನಡವಳಿಕೆಗೆ ಚ್ಯುತಿ ಬಾರದಂತೆ ಆಗುತ್ತದೆಯೇ ಎಂದು ಕೇಳಬೇಕು ಎಂದರು. ಮನಸ್ಸಾಕ್ಷಿ ಒಡ್ಡುವ ತಡೆ ಗೋಡೆಯಷ್ಟೇ ನಿಜವಾದ ತಡೆ ಎಂಬುದನ್ನು ಕಾನೂನು ಹೀಗೆ ಒಪ್ಪಿಕೊಂಡಿತು.

ಕಾಲು ಶತಮಾನದ ನಂತರ ಕಡಾದ ಸರದಿ ಬಂತು. ವೇಲ್ಸ್‌ನ ಅಬರ್‌ಡೇರ್ ಬಾಲಕಿಯರ ಶಾಲೆಯಲ್ಲಿ ಕೈಗಡಿಯಾರ ಮತ್ತು ಸರಳವಾದ ಕಿವಿಯೋಲೆ ಬಿಟ್ಟು ಬೇರೆ ಆಭರಣಕ್ಕೆ ಅವಕಾಶವಿರಲಿಲ್ಲ. 14 ವರ್ಷದ ಸಿಖ್ ಹುಡುಗಿಯೊಬ್ಬಳ ಕೈಯಲ್ಲಿದ್ದ ಕಡಾವನ್ನು ಶಾಲೆ ಆಭರಣವೆಂದೇ ಪರಿಗಣಿಸಿತು. ಅವಳನ್ನು ಸಹಪಾಠಿಗಳಿಂದ ಬೇರೆ ಕೂರಿಸಿ ಪಾಠ ಮಾಡಿದರು, 2007ರ ನವೆಂಬರ್‌ನಲ್ಲಿ ಹೊರಗೆ ಕಳಿಸಿದರು. 2008ರ ಜುಲೈಯಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಸಿಲ್ಬರ್ ಅವಳ ಪರ ತೀರ್ಪಿತ್ತರು. ಆ ಕಡಾದ ಅಗಲ ಕೇವಲ 5 ಮಿಲಿಮೀಟರ್. ತುಂಬು ತೋಳಿನ ಸ್ವೆಟರ್ ಹಾಕಿದರೆ ಕಾಣುತ್ತಲೂ ಇರಲಿಲ್ಲ. ತೊಟ್ಟವರು ಅದನ್ನು ಅಸಾಧಾರಣ ಮಹತ್ವದ್ದೆಂದು ಪ್ರಾಮಾಣಿಕವಾಗಿ ನಂಬಿರಬೇಕು, ಆ ಮಹತ್ವಕ್ಕೆ ಅವರ ಧರ್ಮದಲ್ಲೋ ಜನಾಂಗೀಯ ಪರಂಪರೆಯಲ್ಲೋ ಹೊರಗಿನವರಿಗೂ ಕಾಣುವ ಆಧಾರವಿರಬೇಕು ಎಂಬ ಎರಡು ಒರೆಗಲ್ಲುಗಳನ್ನು ತೀರ್ಪು ಇಟ್ಟಿತು. ಕಟ್ಟುನಿಟ್ಟಾಗಿ ಎಲ್ಲವನ್ನೂ ಕಡ್ಡಾಯವಾಗಿ ಪಾಲಿಸುವವರಿಗಷ್ಟೇ ರಕ್ಷಣೆ ಎಂದು ಅದು ಹೇಳಲಿಲ್ಲ.

ಕೃಪಾಣದ ಪ್ರಶ್ನೆ

ಪೇಟದಿಂದ, ಕಡಾದಿಂದ ಪಕ್ಕದ ಮಗುವಿಗೆ ಅಪಾಯವಿಲ್ಲ. ಕೃಪಾಣಕ್ಕೆ ಅಲಗಿದೆ. ಮಕ್ಕಳ ಸುರಕ್ಷತೆ ಶಾಲೆಯ ಮೊದಲ ಹೊಣೆಯಾದ್ದರಿಂದ ಇಲ್ಲಿ ಆಡಳಿತದ ಆತಂಕವನ್ನು ಬರಿಯ ಅಸಹನೆ ಎಂದು ತಳ್ಳಿಹಾಕಲಾಗದು.

ಅಮೆರಿಕದ ಕ್ಯಾಲಿಫೋರ್ನಿಯಾದ ಲಿವಿಂಗ್‌ಸ್ಟನ್‌ನಲ್ಲಿ ಅಮೃತಧಾರಿ ಮಕ್ಕಳ ಕೃಪಾಣವನ್ನು ಶಾಲಾ ಮಂಡಳಿ ಪೂರ್ತಿ ನಿಷೇಧಿಸಿತ್ತು. ಪ್ರಕರಣ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ಅಲಗು ಮೊಂಡಾಗಿರಬೇಕು, ಒರೆಗೆ ಸೇರಿಸಿ ಹೊಲಿದಿರಬೇಕು, ಶಾಲೆಯ ಅಧಿಕಾರಿ ಆಗಾಗ ಪರಿಶೀಲಿಸಬಹುದು ಎಂಬ ಷರತ್ತುಗಳ ಮೇಲೆ ಮಕ್ಕಳು ತರಗತಿಗೆ ಮರಳುವ ಏರ್ಪಾಟಿಗೆ 1995ರಲ್ಲಿ ಆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು.

ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು ಕೆನಡಾದ ಮುಲ್ತಾನಿ ಪ್ರಕರಣ. 2001ರ ನವೆಂಬರ್‌ನಲ್ಲಿ ಮಾಂಟ್ರಿಯಲ್ ನಗರದ ಶಾಲೆಯೊಂದರ ಅಂಗಳದಲ್ಲಿ ಹುಡುಗನೊಬ್ಬನ ಬಟ್ಟೆಯೊಳಗಿದ್ದ ಕೃಪಾಣ ಜಾರಿ ನೆಲಕ್ಕೆ ಬಿತ್ತು. ಅದನ್ನು ಭದ್ರವಾಗಿ ಮುಚ್ಚಿ ಧರಿಸಬಹುದು ಎಂದು ಶಾಲಾ ಮಂಡಳಿ ಮೊದಲು ಸೂಚಿಸಿತು, ಮನೆಯವರೂ ಒಪ್ಪಿದರು. ಶಾಲೆಯ ಆಡಳಿತ ಸಮಿತಿ ಒಪ್ಪಲಿಲ್ಲ. ಕುತ್ತಿಗೆಯ ಪದಕದ ರೂಪದಲ್ಲೋ, ಅಪಾಯವಿಲ್ಲದ ಬೇರೆ ವಸ್ತುವಿನಲ್ಲೋ ಮಾಡಿದ ಸಾಂಕೇತಿಕ ಕೃಪಾಣ ಸಾಕು ಎಂಬ ನಿರ್ಧಾರ ಹೊರಬಿತ್ತು. ಕೃಪಾಣ ಲೋಹದ್ದೇ ಆಗಿರಬೇಕೆಂಬುದು ಆ ಹುಡುಗನ ನಂಬಿಕೆ. ಕ್ವಿಬೆಕ್‌ನ ಸುಪೀರಿಯರ್ ಕೋರ್ಟ್ ಷರತ್ತುಗಳೊಡನೆ ಅನುಮತಿ ಕೊಟ್ಟಿತು, ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. 2006ರ ಮಾರ್ಚ್ 2ರಂದು ಕೆನಡಾದ ಸುಪ್ರೀಂ ಕೋರ್ಟ್ ಹುಡುಗನ ಪರವಾಗಿ ತೀರ್ಪಿತ್ತಿತು.

ಸುಪೀರಿಯರ್ ಕೋರ್ಟ್ ಹಾಕಿದ್ದ ಷರತ್ತುಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕೃಪಾಣವನ್ನು ಬಟ್ಟೆಯ ಒಳಗೇ ಧರಿಸಬೇಕು. ಒರೆ ಲೋಹದ್ದಾಗಿರದೆ ಮರದ್ದಾಗಿರಬೇಕು. ಕೃಪಾಣವಿರುವ ಒರೆಯನ್ನು ಗಟ್ಟಿ ಬಟ್ಟೆಯಲ್ಲಿ ಸುತ್ತಿ ಹೊಲಿದು, ಹೆಗಲಿಗೆ ಹಾಕುವ 'ಗಾತ್ರಾ' ಎಂಬ ಪಟ್ಟಿಗೆ ಸೇರಿಸಿ ಹೊಲಿಯಬೇಕು. ಹುಡುಗ ಅದನ್ನು ಯಾವ ಹೊತ್ತಿನಲ್ಲೂ ಮೈಯಿಂದ ಬೇರೆ ಮಾಡಬಾರದು. ಕಳೆದುಹೋದರೆ ತಕ್ಷಣ ತಿಳಿಸಬೇಕು. ಷರತ್ತು ಪಾಲನೆಯಾಗುತ್ತಿದೆಯೇ ಎಂದು ಸಿಬ್ಬಂದಿ ಮಿತವಾಗಿ ತಪಾಸಣೆ ಮಾಡಬಹುದು. ಇಷ್ಟಾದ ಮೇಲೆ ಅದನ್ನು ಯಾರಾದರೂ ಕಸಿದು ಬಳಸಬೇಕಾದರೆ ಹುಡುಗನನ್ನು ಕೆಡವಿ, ಬಟ್ಟೆ ಬಿಚ್ಚಿ, ಹೊಲಿಗೆ ಹರಿಯಬೇಕು. ಶಾಲೆಯಲ್ಲಿ ಕತ್ತರಿಗಳಿವೆ, ಬೇಸ್‌ಬಾಲ್ ಬ್ಯಾಟುಗಳಿವೆ. ಕೇಡು ಮಾಡಬೇಕೆಂದಿರುವವನಿಗೆ ಇವು ಇನ್ನೂ ಸುಲಭವಾಗಿ ಸಿಗುತ್ತವೆ ಎಂದು ಸುಪ್ರೀಂ ಕೋರ್ಟ್ ಗಮನಿಸಿತು. ಅಪಾಯ ತೀರಾ ಸೊನ್ನೆಯಾಗಿರಬೇಕೆಂದು ಯಾವ ಶಾಲೆಯೂ ಬಯಸಲಾಗದು, ತಕ್ಕಮಟ್ಟಿನ ಸುರಕ್ಷತೆಯನ್ನಷ್ಟೇ ಬಯಸಬಹುದು ಎಂಬುದು ತೀರ್ಪಿನ ಸಾರ.

ಈ ವಾದಕ್ಕೆ ವಿರುದ್ಧವಾದ ಘಟನೆಯೊಂದು 2021ರ ಮೇ ತಿಂಗಳಲ್ಲಿ ಸಿಡ್ನಿಯಲ್ಲಿ ನಡೆಯಿತು. ಶಾಲೆಯೊಂದರಲ್ಲಿ ವಿದ್ಯಾರ್ಥಿಯೊಬ್ಬ ಇನ್ನೊಬ್ಬನಿಗೆ ಕೃಪಾಣದಿಂದಲೇ ಇರಿದ. ನ್ಯೂ ಸೌತ್ ವೇಲ್ಸ್ ಸರ್ಕಾರ ಸರ್ಕಾರಿ ಶಾಲೆಗಳಲ್ಲಿ ಕೃಪಾಣವನ್ನು ನಿಷೇಧಿಸಿತು. ಸಿಖ್ ಸಮುದಾಯದೊಂದಿಗೆ ಸಮಾಲೋಚನೆ ನಡೆದು, ಅದೇ ವರ್ಷದ ಆಗಸ್ಟ್‌ನಲ್ಲಿ ಷರತ್ತಿನ ಮೇಲೆ ನಿಷೇಧ ತೆರವಾಯಿತು: ಉದ್ದ 8.5 ಸೆಂಟಿಮೀಟರ್ ಮೀರಬಾರದು, ಚೂಪು ತುದಿಯಾಗಲಿ ಹರಿತವಾದ ಅಂಚಾಗಲಿ ಇರಬಾರದು, ಬಟ್ಟೆಯೊಳಗೆ ಭದ್ರವಾಗಿರಬೇಕು, ಆಟದ ಹೊತ್ತಿನಲ್ಲಿ ತೆಗೆದಿಡಬೇಕು. ಪಕ್ಕದ ಕ್ವೀನ್ಸ್‌ಲೆಂಡ್‌ನಲ್ಲಿ ಶಾಲೆಗೆ ಕೃಪಾಣ ತರುವುದನ್ನು ತಡೆಯುವ ಕಾನೂನು ದೇಶದ 1975ರ ಜನಾಂಗೀಯ ತಾರತಮ್ಯ ಕಾಯ್ದೆಗೆ ಹೊಂದುವುದಿಲ್ಲ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿತು. ಸಿಡ್ನಿಯ ಘಟನೆ ಷರತ್ತುಗಳ ಅಗತ್ಯವನ್ನು ತೋರಿಸಿಕೊಟ್ಟಿತು. ಒಬ್ಬನ ತಪ್ಪಿಗೆ ಸಮುದಾಯದ ಮಕ್ಕಳೆಲ್ಲರ ನಂಬಿಕೆಯನ್ನು ಶಿಕ್ಷಿಸುವುದಕ್ಕೆ ಅದು ಆಧಾರವಾಗಲಿಲ್ಲ, ಆಗಲೂಬಾರದು.

ಫ್ರಾನ್ಸ್: ಧರ್ಮವಿಲ್ಲದ ಅಂಗಳ

ಫ್ರಾನ್ಸ್ ಹಿಡಿದ ದಾರಿ ಬೇರೆ. 1905ರಲ್ಲಿ ಪ್ರಭುತ್ವವನ್ನೂ ಚರ್ಚನ್ನೂ ಬೇರ್ಪಡಿಸಿದ ಆ ದೇಶದಲ್ಲಿ ಸರ್ಕಾರಿ ಶಾಲೆ ಗಣರಾಜ್ಯದ ಪ್ರಜೆಗಳನ್ನು ರೂಪಿಸುವ ಜಾಗ. ಮನೆಯ, ಮಠದ, ಕೇರಿಯ ಒತ್ತಡಗಳಿಲ್ಲದೆ ಮಗು ಸ್ವತಂತ್ರವಾಗಿ ಯೋಚಿಸಲು ಕಲಿಯಬೇಕಾದ ಅಂಗಳ ಅದು. ಈ ಆದರ್ಶಕ್ಕೆ ಘನತೆಯಿದೆ. ಚರ್ಚಿನ ಹಿಡಿತದಿಂದ ಶಿಕ್ಷಣವನ್ನು ಬಿಡಿಸಿಕೊಳ್ಳಲು ಆ ದೇಶ ದೀರ್ಘಕಾಲ ಹೋರಾಡಿದೆ. 2004ರ ಮಾರ್ಚ್ 15ರ ಕಾಯ್ದೆ ಈ ಆದರ್ಶದ ಹೆಸರಿನಲ್ಲಿ ಬಂತು. ಧರ್ಮವನ್ನು ಎದ್ದು ಕಾಣುವಂತೆ ತೋರಿಸುವ ಉಡುಪು, ಚಿಹ್ನೆಗಳನ್ನು ಸರ್ಕಾರಿ ಶಾಲೆಗಳಲ್ಲಿ ಅದು ನಿಷೇಧಿಸಿತು. ಚರ್ಚೆಯೆಲ್ಲ ನಡೆದದ್ದು ಮುಸ್ಲಿಂ ಹುಡುಗಿಯರ ಶಿರವಸ್ತ್ರದ ಸುತ್ತ. ಸಂಖ್ಯೆಯಲ್ಲಿ ಕಡಿಮೆಯಿದ್ದ ಸಿಖ್ಖರು ಕಾಯ್ದೆಯ ಬಲೆಗೆ ಬಿದ್ದದ್ದು ಆಮೇಲೆ.

2004ರ ಶಾಲಾ ವರ್ಷ ಆರಂಭವಾದಾಗ ಪ್ಯಾರಿಸ್ ಹೊರವಲಯದ ಬೋಬಿನ್ಯಿಯಲ್ಲಿ ಸಿಖ್ ಹುಡುಗರು ದೊಡ್ಡ ಪೇಟ ಬಿಟ್ಟು, ಕೂದಲು ಮುಚ್ಚುವಷ್ಟೇ ಚಿಕ್ಕದಾದ 'ಕೆಸ್ಕಿ' ಕಟ್ಟಿಕೊಂಡು ಶಾಲೆಗೆ ಬಂದರು. ಅದೂ ಒಪ್ಪಿಗೆಯಾಗಲಿಲ್ಲ. ಒಬ್ಬ ಹುಡುಗ ತರಗತಿಗೆ ಹೋಗುವಂತಿಲ್ಲದೆ ಕ್ಯಾಂಟೀನಿನಲ್ಲಿ ಕೂತು ತನ್ನಷ್ಟಕ್ಕೆ ಓದಿಕೊಳ್ಳಬೇಕಾಯಿತು. ನವೆಂಬರ್‌ನಲ್ಲಿ ಅವನನ್ನು ಶಾಲೆಯಿಂದ ಹೊರಹಾಕಲಾಯಿತು. ಹೊರಹಾಕಿದ ಕ್ರಮವನ್ನು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2007ರಲ್ಲಿ ಎತ್ತಿಹಿಡಿಯಿತು. ಇದೇ ಕಾಯ್ದೆಯಡಿ ಶಾಲೆ ಕಳೆದುಕೊಂಡ ಸಿಖ್ ವಿದ್ಯಾರ್ಥಿಗಳ ಅರ್ಜಿಗಳನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ವಿಚಾರಣೆಗೇ ಅರ್ಹವಲ್ಲವೆಂದು ತಳ್ಳಿಹಾಕಿತು. ಆದರೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2012ರಲ್ಲಿ ಬೇರೆ ನಿಲುವು ತಳೆಯಿತು. ಕೆಸ್ಕಿ ಕಟ್ಟಿದ ಬೋಬಿನ್ಯಿಯ ಆ ಹುಡುಗನಿಂದ ಇತರ ಮಕ್ಕಳ ಹಕ್ಕಿಗಾಗಲಿ, ಶಾಲೆಯ ವ್ಯವಸ್ಥೆಗಾಗಲಿ ಏನು ಧಕ್ಕೆಯಾಗುತ್ತಿತ್ತೆಂದು ಸರ್ಕಾರ ತೋರಿಸಿಲ್ಲ. ಅವನ ನಡತೆಗಾಗಿ ಅಲ್ಲ, ಅವನು ಒಂದು ವರ್ಗಕ್ಕೆ ಸೇರಿದವನೆಂಬ ಕಾರಣಕ್ಕೆ ಶಾಲೆಯನ್ನೇ ಕಳೆದುಕೊಂಡ ಎಂದು ಸಮಿತಿ ಹೇಳಿತು. ಸಮಿತಿಯ ಅಭಿಪ್ರಾಯಕ್ಕೆ ನ್ಯಾಯಾಲಯದ ತೀರ್ಪಿನ ಬಲವಿಲ್ಲ. ಫ್ರಾನ್ಸ್ ಕಾಯ್ದೆಯನ್ನು ಬದಲಿಸಲಿಲ್ಲ.

ಫ್ರಾನ್ಸಿನ ನೂವ್ ಶಾಪೆಲ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದ ಭಾರತೀಯ ಯೋಧರ ಸ್ಮಾರಕವಿದೆ. ಆ ನೆಲವನ್ನು ಕಾಯಲು ಪೇಟ ಕಟ್ಟಿಯೇ ಹೋರಾಡಿದ ಸಿಖ್ ಸೈನಿಕರ ಹೆಸರುಗಳೂ ಅಲ್ಲಿವೆ. ಅದೇ ನೆಲದ ಶಾಲೆಯಲ್ಲಿ ಪೇಟಕ್ಕೆ ಎಡೆಯಿಲ್ಲ ಎಂಬುದು ಫ್ರಾನ್ಸಿನ ಸಿಖ್ಖರ ಮನಸ್ಸಿಗೆ ಇಂದಿಗೂ ನಾಟಿರುವ ನೋವು.

ಭಾರತ: ಸಂವಿಧಾನದ ಮಾತು, ಕರ್ನಾಟಕದ ಅನುಭವ

ಭಾರತದ ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಗಳಿಗೆ ಒಳಪಟ್ಟು ಎಲ್ಲರಿಗೂ ಧಾರ್ಮಿಕ ಸ್ವಾತಂತ್ರ್ಯ ಕೊಡುತ್ತದೆ. ಕೃಪಾಣ ಧರಿಸುವುದು, ಒಯ್ಯುವುದು ಸಿಖ್ ಧರ್ಮದ ಅವಲಂಬನೆಯಲ್ಲಿ ಸೇರಿದೆ ಎಂದು ಅದೇ ವಿಧಿಯ ಮೊದಲನೆಯ ವಿವರಣೆ ಹೇಳುತ್ತದೆ. ದೇಶದ ಶಾಲೆಗಳಲ್ಲಿ ಸಮವಸ್ತ್ರದ ಬಣ್ಣಕ್ಕೆ ಹೊಂದುವ ಪಟ್ಕಾ, ಪೇಟ ಸಾಮಾನ್ಯ ನೋಟ.

ಧಾರ್ಮಿಕ ಆಚರಣೆಗೆ ಎಷ್ಟು ರಕ್ಷಣೆ ಎಂಬುದನ್ನು ಅಳೆಯಲು ಭಾರತದ ನ್ಯಾಯಾಲಯಗಳು ಬಳಸುವ ಮಾನದಂಡದ ಬೇರು ಕರ್ನಾಟಕದಲ್ಲಿದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್, ಒಂದು ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಆ ಧರ್ಮದ ತತ್ತ್ವಗಳಿಂದಲೇ ಅರಿಯಬೇಕು ಎಂದಿತು. ಅಲ್ಲಿಂದ ಬೆಳೆದದ್ದು 'ಅತ್ಯಗತ್ಯ ಧಾರ್ಮಿಕ ಆಚರಣೆ' ಎಂಬ ಪರೀಕ್ಷೆ. ಉಡುಪಿಯಿಂದಲೇ ಶುರುವಾದ ಹಿಜಾಬ್ ವಿವಾದದಲ್ಲಿ 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಈ ಪರೀಕ್ಷೆಯನ್ನೇ ಬಳಸಿ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ಕೇಸರಿ ಶಾಲು, ಹಿಜಾಬ್, ಧಾರ್ಮಿಕ ಧ್ವಜ ಮುಂತಾದವನ್ನು ಯಾವ ಧರ್ಮದ ವಿದ್ಯಾರ್ಥಿಯೂ ತರಗತಿಯಲ್ಲಿ ಧರಿಸಬಾರದೆಂದು ಅದು ಮಧ್ಯಂತರ ಆದೇಶ ಕೊಟ್ಟಿತ್ತು. ಆ ಆದೇಶದ ಹಿನ್ನೆಲೆಯಲ್ಲಿ ಬೆಂಗಳೂರಿನ ಕಾಲೇಜೊಂದು ಅಮೃತಧಾರಿ ಸಿಖ್ ವಿದ್ಯಾರ್ಥಿನಿಯೊಬ್ಬಳಿಗೆ ಪೇಟ ತೆಗೆಯಬಹುದೇ ಎಂದು ಕೇಳಿತು. ತೆಗೆಯಲಾಗದೆಂದು ಮನೆಯವರು ತಿಳಿಸಿದರು. ಪೇಟದ ಬಗ್ಗೆ ಅದುವರೆಗೆ ಯಾರೂ ದೂರಿದ್ದಿರಲಿಲ್ಲ. ಒಂದು ಸಮುದಾಯವನ್ನು ಕುರಿತ ವಿವಾದಕ್ಕೆಂದು ಬಂದ ನಿಯಮ ವಿವಾದವೇ ಇಲ್ಲದ ಇನ್ನೊಂದು ಸಮುದಾಯದ ಮಗುವನ್ನು ತಟ್ಟುವುದು ಫ್ರಾನ್ಸಿನಲ್ಲಿ ಆದಂತೆಯೇ ಇಲ್ಲೂ ಆಯಿತು. ಹಿಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಹೇಮಂತ್ ಗುಪ್ತಾ ಮತ್ತು ಸುಧಾಂಶು ಧುಲಿಯಾ 2022ರ ಅಕ್ಟೋಬರ್ 13ರಂದು ಪರಸ್ಪರ ಭಿನ್ನವಾದ ತೀರ್ಪು ಕೊಟ್ಟರು. ಅಲ್ಲಿನ ವಿಚಾರಣೆಯಲ್ಲೂ ಸಿಖ್ ಪೇಟದ ಹೋಲಿಕೆ ಪ್ರಸ್ತಾಪವಾಯಿತು.

ಸಮಾನತೆ ಎಂದರೆ ಏನು

ಈ ಎಲ್ಲ ಪ್ರಕರಣಗಳ ಒಳಗೆ ಮೂರು ಪ್ರಶ್ನೆಗಳಿವೆ. ಮೊದಲನೆಯದು ನಿಯಮದ ತಟಸ್ಥತೆ. 'ತಲೆಗೆ ಏನನ್ನೂ ಧರಿಸಬಾರದು' ಎಂಬ ನಿಯಮದಲ್ಲಿ ಯಾವ ಧರ್ಮದ ಹೆಸರೂ ಇಲ್ಲ. ಆದರೆ ಅದನ್ನು ಪಾಲಿಸಲು ಬಹುಪಾಲು ಹುಡುಗರು ಏನನ್ನೂ ಕಳೆದುಕೊಳ್ಳಬೇಕಿಲ್ಲ. ಸಿಖ್ ಹುಡುಗ ತನ್ನತನವನ್ನೇ ಕಳೆದುಕೊಳ್ಳಬೇಕು. ಪೇಟ ಬಿಚ್ಚಿದರೆ ಉಳಿಯುವುದು ಎಲ್ಲರ ಮುಂದೆ ಬಿಚ್ಚಿಬಿದ್ದ ಕೂದಲು. ಕೂದಲನ್ನು ಗೇಟಿನ ಹೊರಗೆ ಬಿಟ್ಟು ಬರಲಾಗದು. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಬಹುಸಂಖ್ಯಾತರ ಮಗು. ಬರೆದ ಮಾತು ಎಲ್ಲರಿಗೂ ಒಂದೇ ಆದರೆ ಸಾಲದು, ಅದರ ಭಾರವೂ ಎಲ್ಲರ ಮೇಲೆ ಒಂದೇ ಆಗಿರಬೇಕು. ಈ ಕಾರಣಕ್ಕೆ ಮಂಡ್ಲಾ ತೀರ್ಪು ಸರಿ, ಫ್ರಾನ್ಸಿನ ಕಾಯ್ದೆ ತಪ್ಪು. ಒಬ್ಬರಿಗೆ ವಿನಾಯಿತಿ ಕೊಟ್ಟರೆ ಶಿಸ್ತು ಕುಸಿಯುತ್ತದೆ ಎಂಬ ಭಯವನ್ನು ದಶಕಗಳಿಂದ ಪೇಟ, ಪಟ್ಕಾಗಳನ್ನು ಒಳಗೆ ಬಿಟ್ಟುಕೊಂಡಿರುವ ಬ್ರಿಟನ್ ಮತ್ತು ಭಾರತದ ಶಾಲೆಗಳು ಸುಳ್ಳು ಮಾಡಿವೆ.

ಎರಡನೆಯದು, ಯಾವುದು ಅಗತ್ಯವೆಂದು ಯಾರು ಹೇಳಬೇಕು ಎಂಬುದು. ಸಿಖ್ಖರಿಗೆ ಬರಹದಲ್ಲಿರುವ ಸ್ಪಷ್ಟ ಸಂಹಿತೆ ಇದೆ, ಸಂವಿಧಾನದ ವಿವರಣೆಯೂ ಇದೆ; ಆದ್ದರಿಂದ ಅತ್ಯಗತ್ಯ ಆಚರಣೆಯ ಪರೀಕ್ಷೆಯಲ್ಲಿ ಅವರು ಸುಲಭವಾಗಿ ತೇರ್ಗಡೆಯಾಗುತ್ತಾರೆ. ಬರಹದ ಸಂಹಿತೆ ಇಲ್ಲದ, ಒಂದೇ ಪೀಠದ ಮಾತು ನಡೆಯದ ಪರಂಪರೆಗಳ ಮಕ್ಕಳು ಅದೇ ಪರೀಕ್ಷೆಯಲ್ಲಿ ಸೋಲುತ್ತಾರೆ. ಈ ಪರೀಕ್ಷೆ ಸಿಖ್ಖರಿಗೇ ತಿರುಗುಬಾಣವಾದದ್ದೂ ಉಂಟು. ಅಮೃತಸರದಲ್ಲಿ ಶಿರೋಮಣಿ ಸಮಿತಿ ನಡೆಸುವ ವೈದ್ಯಕೀಯ ಕಾಲೇಜು ಹುಬ್ಬು ತೀಡಿಸಿಕೊಂಡ ಕಾರಣಕ್ಕೆ ವಿದ್ಯಾರ್ಥಿನಿಗೆ ಸಿಖ್ ಮೀಸಲು ಸೀಟು ನಿರಾಕರಿಸಿತು. 2009ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಪೂರ್ಣ ಪೀಠ ಕತ್ತರಿಸದ ಕೂದಲು ಸಿಖ್ ಧರ್ಮಕ್ಕೆ ಮೂಲಭೂತವೆಂದು ಹೇಳಿ ಕಾಲೇಜಿನ ಕ್ರಮವನ್ನು ಎತ್ತಿಹಿಡಿಯಿತು. ಯಾರು ಸರಿಯಾದ ಸಿಖ್ ಎಂದು ನ್ಯಾಯಪೀಠ ಹೇಳತೊಡಗಿದರೆ ಆಗುವುದು ಹೀಗೆ. ಇದಕ್ಕಿಂತ ಉತ್ತಮ ದಾರಿಯನ್ನು ನಮ್ಮ ಸುಪ್ರೀಂ ಕೋರ್ಟೇ 1986ರಲ್ಲಿ ತೋರಿಸಿತ್ತು. ಎದ್ದು ನಿಂತು ಗೌರವ ತೋರಿದರೂ ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿಸಿಕೊಂಡ ಕೇರಳದ ಯೆಹೋವನ ಸಾಕ್ಷಿ ಪಂಥದ ಮಕ್ಕಳ ಪ್ರಕರಣದಲ್ಲಿ, ಆ ನಂಬಿಕೆ ಹೊರಗಿನವರಿಗೆ ಹಿಡಿಸುತ್ತದೆಯೇ ಎಂಬುದನ್ನು ಕೇಳದೆ, ಅದು ಪ್ರಾಮಾಣಿಕವಾದುದೇ ಎಂಬುದನ್ನಷ್ಟೇ ಕೇಳಿ ಮಕ್ಕಳನ್ನು ಶಾಲೆಗೆ ಮರಳಿಸಿತು. ಸಿಖ್ ಪೇಟಕ್ಕೆ ಸಿಗುವ ಗೌರವ ಇತರರನ್ನು ಹೊರಗಿಡುವ ಗೋಡೆಯಾಗಬಾರದು. ಪ್ರಾಮಾಣಿಕ ನಂಬಿಕೆಯೇ ಅದರ ಆಧಾರವಾದರೆ ಅದೇ ಆಧಾರ ಬೇರೆ ಧರ್ಮದ ಮಕ್ಕಳಿಗೂ ಸಲ್ಲುತ್ತದೆ.

ಮೂರನೆಯದು ಮಗುವಿನ ಸ್ವಂತ ಮನಸ್ಸು. ಚಿಹ್ನೆ ಧರಿಸಿದ್ದು ಮಗುವಿನ ಇಚ್ಛೆಯೋ ಹೆತ್ತವರ ಒತ್ತಾಯವೋ ಎಂದು ಫ್ರಾನ್ಸ್ ಕೇಳುವ ಪ್ರಶ್ನೆ ನ್ಯಾಯವಾದದ್ದು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿನ ಧಾರ್ಮಿಕ ಸ್ವಾತಂತ್ರ್ಯವನ್ನು ಗೌರವಿಸುತ್ತಲೇ, ಬೆಳೆಯುವ ತಿಳಿವಳಿಕೆಗೆ ತಕ್ಕಂತೆ ಮಾರ್ಗದರ್ಶನ ಮಾಡುವ ಹೆತ್ತವರ ಹಕ್ಕನ್ನೂ ಒಪ್ಪುತ್ತದೆ. ಕೂದಲು ಉಳಿಸಿಕೊಳ್ಳಬೇಕೆನ್ನುವ ಹುಡುಗನಿಗೂ, ದೊಡ್ಡವನಾದ ಮೇಲೆ ಬೇಡವೆನ್ನುವ ಹುಡುಗನಿಗೂ ಶಾಲೆ ಸಮಾನ ಆಸರೆಯಾಗಬೇಕು. ಆದರೆ ಮನೆಯ ಒತ್ತಾಯದಿಂದ ಬಿಡಿಸುವ ಹೆಸರಿನಲ್ಲಿ ಸರ್ಕಾರ ಬಲವಂತವಾಗಿ ಪೇಟ ತೆಗೆಸಿದರೆ ಒಂದು ಬಲವಂತದ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಮಗುವಿನ ಮನಸ್ಸನ್ನು ಯಾರೂ ಕೇಳಿದಂತಾಗುವುದಿಲ್ಲ.

ಒತ್ತಡ ಹೆಚ್ಚಾಗಿ ಬರುವುದು ಎಲ್ಲಿಂದ ಎಂಬುದನ್ನೂ ನೋಡಬೇಕು. ಅಮೆರಿಕದ ಸಿಖ್ ಕೊಯಲಿಷನ್ ಸಂಸ್ಥೆ ನಾಲ್ಕು ರಾಜ್ಯಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಿಖ್ ಮಕ್ಕಳು ಶಾಲೆಯಲ್ಲಿ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಪೇಟ ಧರಿಸುವವರಲ್ಲಿ ಆ ಪ್ರಮಾಣ ಶೇ 67. ತಲೆಯನ್ನು ಮುಟ್ಟುವುದು, ಪಟ್ಕಾ ಎಳೆಯುವುದು, ಭಯೋತ್ಪಾದಕ ಎಂದು ಕೂಗುವುದು ಇಂಥ ಮಕ್ಕಳ ದಿನನಿತ್ಯದ ಪಾಡು. ಪೇಟವನ್ನು ನಿಷೇಧಿಸುವ ಶಾಲೆ, ತಪ್ಪು ಪಟ್ಕಾ ಎಳೆದ ಕೈಯದ್ದಲ್ಲ, ಪಟ್ಕಾ ಕಟ್ಟಿದ ತಲೆಯದ್ದು ಎಂದು ಎಲ್ಲ ಮಕ್ಕಳಿಗೂ ಹೇಳಿಕೊಟ್ಟಂತಾಗುತ್ತದೆ.

ಶಾಲೆ ಮಾಡಬಹುದಾದದ್ದು

ಕಕಾರಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ಕೇಶ, ಪೇಟ, ಕಂಘಾ, ಕಚೇರಾಗಳಿಂದ ಯಾರಿಗೂ ತೊಂದರೆಯಿಲ್ಲದ ಕಾರಣ ಅವಕ್ಕೆ ಷರತ್ತೇ ಬೇಡ. ಬಟ್ಟೆಯ ಬಣ್ಣ ಸಮವಸ್ತ್ರಕ್ಕೆ ಹೊಂದಲಿ ಎಂದು ಕೇಳುವುದು ನ್ಯಾಯ, ಅದಕ್ಕೆ ಸಿಖ್ ಕುಟುಂಬಗಳು ಸಾಮಾನ್ಯವಾಗಿ ಒಪ್ಪುತ್ತವೆ. ಆಟದಲ್ಲಿ ಕಡಾ ಇನ್ನೊಬ್ಬರಿಗೆ ತಗುಲದಂತೆ ಮೇಲೆ ಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಆಯಿತು. ಪಟ್ಕಾ ಕಟ್ಟಿ ದೇಶಕ್ಕಾಗಿ ಸ್ಪಿನ್ ಬೌಲಿಂಗ್ ಮಾಡಿದ ಬಿಷನ್ ಸಿಂಗ್ ಬೇಡಿ, ಹರ್ಭಜನ್ ಸಿಂಗ್ ಅವರಿಗೆ ಅದೆಂದೂ ಅಡ್ಡಿಯಾಗಲಿಲ್ಲ. ಕೃಪಾಣಕ್ಕೆ ಮಾತ್ರ ಷರತ್ತುಗಳು ಬೇಕೇ ಬೇಕು: ಗಾತ್ರ ಚಿಕ್ಕದು, ಅಲಗು ಮೊಂಡು, ಒರೆ ಹೊಲಿದದ್ದು, ಬಟ್ಟೆಯೊಳಗೆ ಭದ್ರ. ಷರತ್ತು ಮುರಿದವರ ಮೇಲೆ, ಅವರವರ ತಪ್ಪಿಗೆ ತಕ್ಕಂತೆ ಕ್ರಮವಾಗಲಿ.

ಆಸ್ಟ್ರೇಲಿಯಾದ ಮೆಲ್ಟನ್‌ನಲ್ಲಿ ಐದು ವರ್ಷದ ಮಗುವಿಗೆ ಪಟ್ಕಾದ ಕಾರಣಕ್ಕೆ ಕ್ರೈಸ್ತ ಶಾಲೆಯೊಂದು ಪ್ರವೇಶ ಕೊಡದಿದ್ದಾಗ, ಅದು ಸಮಾನ ಅವಕಾಶ ಕಾಯ್ದೆಯ ಉಲ್ಲಂಘನೆ ಎಂದು ವಿಕ್ಟೋರಿಯಾದ ನ್ಯಾಯಮಂಡಳಿ 2017ರಲ್ಲಿ ಹೇಳಿತು. ಗೆದ್ದ ಪ್ರಕರಣಗಳಲ್ಲೂ ಮಕ್ಕಳು ಕಳೆದುಕೊಂಡದ್ದು ಕಡಿಮೆಯಲ್ಲ. ಮಾಂಟ್ರಿಯಲ್‌ನ ಹುಡುಗ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ತೀರ್ಪಿಗಾಗಿ ಕಾಯಬೇಕಾಯಿತು. ಅಷ್ಟರಲ್ಲಿ ಅವನು ಖಾಸಗಿ ಶಾಲೆಗೆ ಹೋಗಿಯಾಗಿತ್ತು. ಬರ್ಮಿಂಗ್‌ಹ್ಯಾಮಿನ ಹುಡುಗನ ಪ್ರಕರಣಕ್ಕೆ ಐದು ವರ್ಷ ಹಿಡಿಯಿತು. ಮಗುವಿನ ಶಾಲಾ ವರ್ಷಗಳು ನ್ಯಾಯಾಲಯದ ವೇಗಕ್ಕೆ ಕಾಯುವುದಿಲ್ಲ. ಆದ್ದರಿಂದ ವಿನಾಯಿತಿಯನ್ನು ಸಮವಸ್ತ್ರದ ನಿಯಮದಲ್ಲೇ ಮೊದಲೇ ಬರೆದಿಡುವುದು, ಹೊಸದಾಗಿ ಸೇರುವ ಮಗುವಿನ ಹೆತ್ತವರೊಂದಿಗೆ ಮಾತನಾಡುವುದು, ಸಹಪಾಠಿಗಳಿಗೆ ಆ ಉಡುಪಿನ ಅರ್ಥ ತಿಳಿಸುವುದು, ಭಿನ್ನಾಭಿಪ್ರಾಯ ಉಳಿದರೂ ಅದು ಬಗೆಹರಿಯುವವರೆಗೆ ಮಗುವನ್ನು ತರಗತಿಯಲ್ಲೇ ಉಳಿಸಿಕೊಳ್ಳುವುದು: ಇಷ್ಟು ಮಾಡಿದರೆ ಯಾವ ಮಗುವೂ ತನ್ನ ನಂಬಿಕೆಗೂ ಓದಿಗೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗಿ ಬರುವುದಿಲ್ಲ.